ಸೀಸದ ವೀರರು: ಕಿರುಪ್ರತಿಮೆಗಳ ಲೋಹ, ಬಣ್ಣ ಮತ್ತು ಆಯುಷ್ಯ

ಬೊಂಬೆಯನ್ನು ಮಾಡುವುದು ಒಂದು ವಿದ್ಯೆ. ಅದಕ್ಕೆ ಬಣ್ಣ ಹಚ್ಚುವುದು ಎರಡನೆಯ ವಿದ್ಯೆ. ಹಚ್ಚಿದ ಬಣ್ಣವೂ ಒಳಗಿನ ಒಡಲೂ ಕೆಡದಂತೆ ನಲವತ್ತು ವರ್ಷ ಕಾಪಾಡುವುದು ಮೂರನೆಯ ವಿದ್ಯೆ. ಮೊದಲಿನ ಎರಡನ್ನು ಕಲಿತವರು ಬಹುಮಂದಿ. ಮೂರನೆಯದನ್ನು ಕಲಿಯದೆ ತಮ್ಮ ಅರ್ಧ ಆಯುಷ್ಯದ ಸಂಗ್ರಹವನ್ನು ಕಳೆದುಕೊಂಡವರೂ ಇದ್ದಾರೆ. ಈ ಮಾತು ಎಲ್ಲ ಬೊಂಬೆಗಳಿಗೂ ಸಲ್ಲುತ್ತದೆಯಾದರೂ, ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಅರ್ಧ ಶತಮಾನದಿಂದ ಬೆಳೆದು ಬಂದಿರುವ ಒಂದು ವಿಶೇಷ ಹವ್ಯಾಸಕ್ಕೆ ಹೆಚ್ಚಾಗಿ ಸಲ್ಲುತ್ತದೆ. ಅದೇ ಕಲ್ಪಿತ ಸಾಹಸಿಗಳ ಕಿರುಪ್ರತಿಮೆಗಳ ಸಂಗ್ರಹ.

ಕತ್ತಿ ಹಿರಿದ ಯೋಧ, ಉದ್ದನೆಯ ನಿಲುವಂಗಿ ತೊಟ್ಟ ಮಾಂತ್ರಿಕ, ಕೊಡಲಿ ಹೊತ್ತ ಗಡ್ಡದ ಕುಳ್ಳ, ಮುಸುಕು ಹಾಕಿದ ಕಳ್ಳ: ಇವರೇ ಆ ಸಾಹಸಿಗಳು. ಎತ್ತರ ನಮ್ಮ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಒಬ್ಬೊಬ್ಬ ಹವ್ಯಾಸಿಯ ಬಳಿ ಇಂಥವು ನೂರಾರು ಇರುವುದುಂಟು. ಒಂದು ದಿನ ಅವನು ಬಹುಕಾಲ ಮುಚ್ಚಿಟ್ಟಿದ್ದ ಮರದ ಸೆಳೆಖಾನೆಯನ್ನು ತೆರೆಯುತ್ತಾನೆ. ಯೋಧನ ಭರ್ಜಿ ಮುರಿದಿದೆ. ಮಾಂತ್ರಿಕನ ಮುಖದಲ್ಲಿ ಹುಣ್ಣಿನಂತೆ ಬಣ್ಣ ಎದ್ದಿದೆ. ಸುತ್ತಲೂ ಬಿಳಿಯ ಹುಡಿ ಚೆಲ್ಲಿದೆ. ಯಾರೂ ಮುಟ್ಟಿಲ್ಲ, ನೀರು ಸೋಕಿಲ್ಲ, ಬಿಸಿಲು ಬಿದ್ದಿಲ್ಲ. ಹಾಗಾದರೆ ಇದು ಯಾರ ಕೆಲಸ? ಈ ಪ್ರಶ್ನೆಗೆ ಉತ್ತರವನ್ನು ಪಡೆಯಬೇಕಾದರೆ ಪ್ರತಿಮೆಯ ಹುಟ್ಟಿನಿಂದ ಮೊದಲುಮಾಡಿ ವಿಚಾರಿಸಬೇಕು.

ಸಾಹಸಿಗಳ ಹುಟ್ಟು

ಸೀಸ ಮತ್ತು ತವರಗಳಿಂದ ಸಿಪಾಯಿಗಳನ್ನು ಎರಕ ಹೊಯ್ಯುವುದು ಹಳೆಯ ಕಸುಬು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಹದಿನೆಂಟನೆಯ ಶತಮಾನದಲ್ಲಿಯೇ ಚಪ್ಪಟೆಯಾದ ತವರದ ಸಿಪಾಯಿಗಳು ತಯಾರಾಗುತ್ತಿದ್ದವು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬಾತನು ಟೊಳ್ಳು ಎರಕದ ವಿಧಾನವನ್ನು ಬಳಕೆಗೆ ತಂದನು. ಕರಗಿದ ಲೋಹವನ್ನು ಅಚ್ಚಿಗೆ ಸುರಿದು, ಹೊರಪದರ ಹೆಪ್ಪುಗಟ್ಟಿದೊಡನೆ ಒಳಗಿನ ದ್ರವವನ್ನು ಹೊರಕ್ಕೆ ಚೆಲ್ಲಿಬಿಡುವುದೇ ಈ ವಿಧಾನ. ಲೋಹವೂ ಮಿಕ್ಕಿತು, ಬೆಲೆಯೂ ಇಳಿಯಿತು. ಮನೆಮನೆಯ ಹುಡುಗರಿಗೂ ಸಿಪಾಯಿ ಸಿಕ್ಕಿದನು. 1913ರಲ್ಲಿ ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್‌ನು ಇಂತಹ ಸಿಪಾಯಿಗಳಿಂದ ಆಡುವ ಯುದ್ಧದಾಟಕ್ಕೆ ನಿಯಮಗಳನ್ನು ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದನು.

ಕಲ್ಪನೆಯ ಲೋಕದ ಜೀವಿಗಳು ಈ ಸೇನೆಯೊಳಗೆ ನುಗ್ಗಿದ್ದು ಆಮೇಲೆ. ಜೆ. ಆರ್. ಆರ್. ಟೋಲ್ಕಿನ್ನನ ಬೃಹತ್ ಕಥೆ 1954 ಮತ್ತು 1955ರಲ್ಲಿ ಪ್ರಕಟವಾಗಿ, ಮುಂದಿನ ದಶಕದಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮನಸ್ಸನ್ನು ಸೂರೆಗೊಂಡಿತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಿತ್ತು. ಇದರಲ್ಲಿ ಒಬ್ಬ ಆಟಗಾರನು ಒಂದು ಸೇನೆಯನ್ನು ನಡೆಸುವುದಿಲ್ಲ. ಒಬ್ಬನೇ ಒಬ್ಬ ಸಾಹಸಿಯ ಪಾತ್ರವನ್ನು ವಹಿಸುತ್ತಾನೆ. ಮೇಜಿನ ಮೇಲೆ ನಿಲ್ಲುವ ಪ್ರತಿಮೆಯು ಆ ಒಬ್ಬನದೇ ಪ್ರತಿನಿಧಿ. ಆದುದರಿಂದಲೇ ಅದರ ಮುಖ, ಉಡುಪು, ಆಯುಧಗಳಿಗೆ ಇಷ್ಟು ಮಹತ್ತ್ವ ಬಂತು. ಸಾಲಾಗಿ ನಿಂತ ಸಿಪಾಯಿಗಳಲ್ಲಿ ಒಬ್ಬನ ಬಣ್ಣ ಕೆಟ್ಟರೆ ಯಾರೂ ಕೇಳರು; ಹತ್ತು ವರ್ಷ ತಾನೇ ಆಡಿದ ಪಾತ್ರದ ಪ್ರತಿಮೆ ಹಾಳಾದರೆ ಆಟಗಾರನಿಗೆ ಒಬ್ಬ ಸ್ನೇಹಿತನನ್ನು ಕಳೆದುಕೊಂಡಂತೆ. 1975ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ರಾಲ್ ಪಾರ್ಥಾ, ಅದೇ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಸಿಟಾಡೆಲ್ ಎಂಬ ಸಂಸ್ಥೆಗಳು ತಲೆಯೆತ್ತಿ, ಇಂತಹ ಪ್ರತಿಮೆಗಳನ್ನು ಬಹುಸಂಖ್ಯೆಯಲ್ಲಿ ಎರಕ ಹೊಯ್ಯತೊಡಗಿದವು.

ಅಳತೆಯ ಲೆಕ್ಕ

ಈ ಪ್ರತಿಮೆಗಳ ಅಳತೆಯನ್ನು ಮಿಲಿಮೀಟರುಗಳಲ್ಲಿ ಹೇಳುವುದು ವಾಡಿಕೆ: ಮೊದಲು 25, ಈಚೆಗೆ 28. ಸುಲಭಕ್ಕಾಗಿ ನಾವು ಇವನ್ನು ಮನುಷ್ಯನ 60ರಲ್ಲಿ ಒಂದು ಪಾಲೆಂದು ಇಟ್ಟುಕೊಳ್ಳೋಣ. ಉದ್ದವು 60ರಲ್ಲಿ ಒಂದಾದರೆ ಘನಗಾತ್ರವು 60×60×60, ಅಂದರೆ 2,16,000ದಲ್ಲಿ ಒಂದಾಗುತ್ತದೆ. 65 ಕಿಲೋಗ್ರಾಂ ತೂಗುವ ಮನುಷ್ಯನನ್ನು ಹೀಗೆ ಕುಗ್ಗಿಸಿದರೆ ಅವನ ತೂಕ ಕೇವಲ 0.3 ಗ್ರಾಂ. ಅವನನ್ನು ನೀರಿಗಿಂತ ಒಂಬತ್ತು ಪಟ್ಟು ಸಾಂದ್ರವಾದ ಲೋಹದಲ್ಲಿ ಎರೆದರೂ 3 ಗ್ರಾಂ ಮುಟ್ಟುವುದಿಲ್ಲ. ಆದರೆ ಅಂಗಡಿಯಲ್ಲಿ ದೊರೆಯುವ ಲೋಹದ ಪ್ರತಿಮೆ ಇದಕ್ಕಿಂತ ಹೆಚ್ಚು ತೂಗುತ್ತದೆ. ಏಕೆ?

ನಾಲ್ಕು ಮಿಲಿಮೀಟರ್ ದಪ್ಪದ ಕತ್ತಿಯ ಅಲಗನ್ನು 60ರಿಂದ ಭಾಗಿಸಿ ನೋಡಿರಿ. ಉತ್ತರ ಸುಮಾರು 0.07 ಮಿಲಿಮೀಟರ್, ತಲೆಗೂದಲಿನಷ್ಟು ದಪ್ಪ. ಕರಗಿದ ಲೋಹವು ಅಷ್ಟು ಇಕ್ಕಟ್ಟಿನ ಸಂದಿಯೊಳಕ್ಕೆ ಹರಿಯುವ ಮೊದಲೇ ಹೆಪ್ಪುಗಟ್ಟಿಬಿಡುತ್ತದೆ. ಹೇಗೋ ಹರಿದರೂ ಬೆರಳು ತಗುಲಿದೊಡನೆ ಅಲಗು ಬಾಗುತ್ತದೆ. ಆದುದರಿಂದ ಶಿಲ್ಪಿಯು ಕತ್ತಿಯನ್ನು ಹಲವು ಪಟ್ಟು ದಪ್ಪಗೊಳಿಸುತ್ತಾನೆ. ಕತ್ತಿ ದಪ್ಪವಾದರೆ ಅದನ್ನು ಹಿಡಿದ ಕೈಯೂ ದಪ್ಪವಾಗಬೇಕು. ಕೈಗೆ ತಕ್ಕಂತೆ ತಲೆಯೂ ದೊಡ್ಡದಾಗಬೇಕು. ಈ ವೀರರ ದೊಡ್ಡ ತಲೆಗೂ ದಪ್ಪ ಮುಷ್ಟಿಗೂ ಕಲಾವಿದನ ಇಚ್ಛೆ ಮಾತ್ರವಲ್ಲ, ಎರಕದ ಅಗತ್ಯವೂ ಕಾರಣವೆಂಬುದು ಇದರಿಂದ ತಿಳಿಯುತ್ತದೆ.

ಲೋಹ ಮತ್ತು ಎರಕ

ಶುದ್ಧ ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಶುದ್ಧ ತವರವು 232 ಡಿಗ್ರಿಯಲ್ಲಿಯೂ ಕರಗುತ್ತವೆ. ಇವೆರಡನ್ನೂ ಬೆರೆಸಿದರೆ ಕರಗುವ ಉಷ್ಣತೆ ಎರಡರ ನಡುವೆ ಎಲ್ಲಿಯಾದರೂ ನಿಲ್ಲಬೇಕೆಂದು ನಾವು ಊಹಿಸಬಹುದು. ಆದರೆ ನಿಸರ್ಗದ ಲೆಕ್ಕ ಬೇರೆ. ನೂರರಲ್ಲಿ 62 ಪಾಲು ತವರ, 38 ಪಾಲು ಸೀಸ ಇರುವ ಮಿಶ್ರಲೋಹವು 183 ಡಿಗ್ರಿಯಲ್ಲಿಯೇ, ಎರಡು ಲೋಹಗಳಿಗಿಂತಲೂ ಕಡಿಮೆ ಉಷ್ಣತೆಯಲ್ಲಿ, ಕರಗಿಬಿಡುತ್ತದೆ. ರೇಡಿಯೋ ರಿಪೇರಿ ಮಾಡುವವರು ಬಹುಕಾಲ ಬಳಸಿದ ಬೆಸುಗೆಯ ತಂತಿ ಇದೇ ಜಾತಿಯದು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ತವರವು ಎಷ್ಟು ಬೇಗ ಕರಗಿ ಹರಡುತ್ತದೆಂಬುದು ಗೊತ್ತೇ ಇದೆ. ಪ್ರತಿಮೆಯ ಲೋಹದಲ್ಲಿ ಸೀಸವು ಅಗ್ಗವೆಂದೂ, ತವರವು ಸೂಕ್ಷ್ಮ ಗೆರೆಗಳೊಳಕ್ಕೆ ಚೆನ್ನಾಗಿ ಹರಿಯುತ್ತದೆಂದೂ ಸೇರಿಸಲ್ಪಟ್ಟವು. ಗಡಸುತನಕ್ಕಾಗಿ ಸ್ವಲ್ಪ ಆಂಟಿಮನಿಯನ್ನೂ ಬೆರೆಸುತ್ತಿದ್ದರು. ಹಿಂದೆ ನಮ್ಮ ಮುದ್ರಣಾಲಯಗಳಲ್ಲಿ ಕನ್ನಡದ ಅಚ್ಚಿನ ಮೊಳೆಗಳನ್ನು ಎರೆಯುತ್ತಿದ್ದುದೂ ಸೀಸ, ಆಂಟಿಮನಿ, ತವರಗಳ ಮಿಶ್ರಣದಿಂದಲೇ. ಪುಸ್ತಕದ ಅಕ್ಷರವೂ ಮೇಜಿನ ಮೇಲಿನ ಮಾಂತ್ರಿಕನೂ ಹೀಗೆ ಒಂದೇ ಕುಲದವರಾದರು.

ಕಡಿಮೆ ಉಷ್ಣತೆಯಲ್ಲಿ ಕರಗುವುದರಿಂದ ಇನ್ನೊಂದು ಅನುಕೂಲವುಂಟು: ಅಚ್ಚನ್ನು ಉಕ್ಕಿನಿಂದ ಮಾಡಬೇಕಾಗಿಲ್ಲ, ರಬ್ಬರೇ ಸಾಕು. ಎರಡು ದುಂಡನೆಯ ರಬ್ಬರು ಬಿಲ್ಲೆಗಳ ನಡುವೆ ಮೂಲಪ್ರತಿಮೆಗಳನ್ನು ಚಕ್ರದ ಅರೆಗಳಂತೆ ಜೋಡಿಸಿ, ಕಾವು ಮತ್ತು ಒತ್ತಡಗಳಿಂದ ರಬ್ಬರನ್ನು ಗಟ್ಟಿಗೊಳಿಸುತ್ತಾರೆ. ಬಳಿಕ ಮೂಲಪ್ರತಿಮೆಗಳನ್ನು ತೆಗೆದು, ಅಚ್ಚನ್ನು ಗರಗರನೆ ತಿರುಗಿಸುತ್ತ ನಡುವಿನ ರಂಧ್ರಕ್ಕೆ ಲೋಹವನ್ನು ಸುರಿಯುತ್ತಾರೆ. ತಿರುಗುವಿಕೆಯಿಂದ ಲೋಹವು ಅಂಚಿನ ಕಡೆಗೆ ತಳ್ಳಲ್ಪಟ್ಟು, ಬೆರಳ ಸಂದು, ಗಡ್ಡದ ಎಳೆಗಳನ್ನೂ ತುಂಬುತ್ತದೆ. ಆದರೆ ಪ್ರತಿಮೆಯು ಅಚ್ಚಿನಿಂದ ಸಲೀಸಾಗಿ ಹೊರಬರಬೇಕಷ್ಟೆ. ಬಟ್ಟೆಯ ಮಡಿಕೆಗಳನ್ನು ಬಹಳ ಆಳವಾಗಿ ಕೊರೆದರೆ ರಬ್ಬರು ಅವುಗಳಲ್ಲಿ ಸಿಕ್ಕಿಕೊಂಡು ಹರಿಯುತ್ತದೆ. ಹೀಗಾಗಿ ಮಡಿಕೆಗಳು ಮೇಲುಮೇಲೆಯೇ ಉಳಿಯುತ್ತವೆ. ಬಣ್ಣಗಾರನ ಕೆಲಸಕ್ಕೆ ಅಡಿಪಾಯ ಈ ಕೊರತೆಯೇ.

ಬಣ್ಣದ ಶಾಸ್ತ್ರ

ಪ್ರತಿಮೆಯನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ, ನಮ್ಮ ಲೆಕ್ಕದಂತೆ, ನಿಜವಾದ ಮನುಷ್ಯನನ್ನು 18 ಮೀಟರ್ ದೂರದಿಂದ ನೋಡಿದಂತೆ. ಆ ದೂರದಲ್ಲಿ ನಿಂತವನ ಕಣ್ಣಿನ ಬಣ್ಣ ನಮಗೆ ಕಾಣದು. ಹುಬ್ಬಿನ ಕೆಳಗಿನ ನೆರಳು, ಮೂಗಿನ ಮೇಲಿನ ಬೆಳಕು ಕಾಣುತ್ತವೆ. ಆಳವಿಲ್ಲದ ಮಡಿಕೆಗಳಲ್ಲಿ ಈ ನೆರಳು ತಾನಾಗಿ ಬೀಳುವುದಿಲ್ಲ. ಅದರಲ್ಲಿಯೂ ಕೋಣೆಯೊಳಗೆ ನಾಲ್ಕೂ ಕಡೆಯಿಂದ ಬೆಳಕು ಬರುವಾಗ ಎಲ್ಲವೂ ಮಂಕಾಗಿ ಒಂದೇ ಸಮನೆ ತೋರುತ್ತದೆ. ಆದುದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಿಂದಲೇ ಬರೆಯಬೇಕಾಗುತ್ತದೆ.

ಕೆಲಸದ ಕ್ರಮ ಹೀಗಿದೆ. ಮೊದಲು ಎರಕದ ಅಂಚುಗೆರೆಗಳನ್ನು ತೆಗೆದು, ಪ್ರತಿಮೆಯನ್ನು ಸಾಬೂನಿನ ನೀರಿನಲ್ಲಿ ತೊಳೆಯಬೇಕು; ಅಚ್ಚಿಗೆ ಸವರಿದ್ದ ಪುಡಿ, ಕೈಯ ಜಿಡ್ಡು ಉಳಿದರೆ ಬಣ್ಣ ಹಿಡಿಯದು. ಬಳಿಕ ಲೋಹಕ್ಕೂ ಬಣ್ಣಕ್ಕೂ ನಡುವೆ ಬಂಧುವಾಗಿ ನಿಲ್ಲುವ ಒಂದು ತಳಲೇಪ. ಅದರ ಮೇಲೆ ಮೂಲಬಣ್ಣ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಲೇಸು. ದಪ್ಪ ಬಣ್ಣವು ಶಿಲ್ಪಿಯು ಕೊರೆದ ಗುಂಡಿಯನ್ನೂ ಹುಬ್ಬನ್ನೂ ಹೂತುಬಿಡುತ್ತದೆ.

ಮೂಲಬಣ್ಣ ಒಣಗಿದ ಮೇಲೆ ಅದೇ ಬಣ್ಣದ ಗಾಢ ಛಾಯೆಯನ್ನು ನೀರಿನಷ್ಟು ತೆಳುವಾಗಿ ಕಲಸಿ ಮೇಲೆ ಹರಿಯಬಿಡುತ್ತಾರೆ. ದ್ರವದ ಮೇಲ್ಮೈ ಎಳೆತದಿಂದ ಅದು ಉಬ್ಬುಗಳನ್ನು ಬಿಟ್ಟು ತಗ್ಗುಗಳಲ್ಲಿ ಸೇರಿಕೊಳ್ಳುತ್ತದೆ. ನೀರು ಆರಿದಾಗ ಬಣ್ಣದ ಕಣಗಳು ಅಲ್ಲಿಯೇ ಉಳಿದು ನೆರಳಾಗುತ್ತವೆ. ಇದಕ್ಕೆ ವಿರುದ್ಧವಾದ ಉಪಾಯವೂ ಒಂದಿದೆ. ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಯಲ್ಲಿ ಒರಸಿ, ಬಹುಮಟ್ಟಿಗೆ ಒಣಗಿದ ಕುಂಚದಿಂದ ಪ್ರತಿಮೆಯನ್ನು ಮೆಲ್ಲಗೆ ಸವರಿದರೆ ಉಬ್ಬಿದ ಅಂಚುಗಳು ಮಾತ್ರ ಬಣ್ಣವನ್ನು ಹಿಡಿದು ಬೆಳಗುತ್ತವೆ. ತಗ್ಗಿಗೆ ದ್ರವ, ಉಬ್ಬಿಗೆ ಒಣಕುಂಚ: ಈ ಎರಡರಿಂದಲೇ ಹೊಸಬನೂ ಒಂದು ಸಂಜೆಯಲ್ಲಿ ನೋಡತಕ್ಕಂತಹ ಪ್ರತಿಮೆಯನ್ನು ಸಿದ್ಧಪಡಿಸಬಹುದು.

ಹಳೆಯ ಹವ್ಯಾಸಿಗಳು ಎನಾಮಲ್ ಬಣ್ಣಗಳನ್ನು ಬಳಸುತ್ತಿದ್ದರು. ಅವುಗಳಲ್ಲಿನ ರಾಳವು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಸಂಯೋಗ ಹೊಂದಿ ಗಟ್ಟಿಯಾಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಆಕ್ರಿಲಿಕ್ ಬಣ್ಣದ ರೀತಿಯೇ ಬೇರೆ. ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಹನಿಗಳು, ನೀರು ಆವಿಯಾದೊಡನೆ ಒಂದಕ್ಕೊಂದು ಅಂಟಿ ಒಂದೇ ಪೊರೆಯಾಗುತ್ತವೆ. ಒಮ್ಮೆ ಪೊರೆಯಾದರೆ ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಬಣ್ಣದ ಆಯುಷ್ಯ ಮಾತ್ರ ಅದರಲ್ಲಿರುವ ವರ್ಣದ್ರವ್ಯದ ಮೇಲೆ ನಿಂತಿದೆ. ಕಾವಿಮಣ್ಣಿನಂತಹ ಕಬ್ಬಿಣದ ಆಕ್ಸೈಡುಗಳು ಬಿಸಿಲಿಗೆ ಜಗ್ಗುವುದಿಲ್ಲ. ಕೆಲವು ಕೃತಕ ಕೆಂಪು ಬಣ್ಣಗಳು ಕಿಟಕಿಯ ಬಳಿ ಕೆಲವೇ ವರ್ಷಗಳಲ್ಲಿ ಪೇಲವವಾಗುತ್ತವೆ.

ಬಿಳಿಯ ಹುಡಿಯ ರಹಸ್ಯ

ಈಗ ಸೆಳೆಖಾನೆಯ ಪ್ರಶ್ನೆಗೆ ಬರೋಣ. ಸೀಸವನ್ನು ಶುದ್ಧವಾದ ಗಾಳಿಯಲ್ಲಿಟ್ಟರೆ ಮೇಲ್ಮೈಯಲ್ಲಿ ತೆಳುವಾದ ಬೂದುಬಣ್ಣದ ಪದರವುಂಟಾಗಿ, ಅದೇ ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಆದರೆ ಮರವು ನಿರಂತರವಾಗಿ ಸ್ವಲ್ಪಸ್ವಲ್ಪ ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತಿರುತ್ತದೆ. ಇದು ಹುಳಿಕಾಡಿಯಲ್ಲಿರುವ ಆಮ್ಲವೇ. ಯುರೋಪಿನ ಓಕ್ ಮರದಲ್ಲಿ ಈ ಗುಣ ಬಹಳ ಹೆಚ್ಚು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳಲ್ಲಿಯೂ, ಕೆಲವು ಅಂಟುಗಳಲ್ಲಿಯೂ ಇದೆ. ಗಾಳಿಯಾಡುವ ಕಡೆ ಈ ಆವಿ ಚದರಿಹೋಗುತ್ತದೆ. ಬಿಗಿಯಾಗಿ ಮುಚ್ಚಿದ ಸೆಳೆಖಾನೆಯಲ್ಲಾದರೋ ಅದು ಶೇಖರವಾಗುತ್ತದೆ.

ಆಮ್ಲವು ಮೊದಲು ಸೀಸದೊಡನೆ ಸೇರಿ ಸೀಸದ ಅಸಿಟೇಟ್ ಆಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಮತ್ತು ತೇವಾಂಶಗಳು ಅದರ ಮೇಲೆ ವರ್ತಿಸಿ ಬಿಳಿಯ ಸೀಸದ ಕಾರ್ಬೊನೇಟನ್ನು ಉಂಟುಮಾಡುತ್ತವೆ. ಆಗ ಆಮ್ಲವು ಬಿಡುಗಡೆ ಹೊಂದಿ ಮತ್ತೆ ಹೊಸ ಸೀಸದ ಮೇಲೆ ಬೀಳುತ್ತದೆ. ಸಂತೆಯ ದಲ್ಲಾಳಿಯು ತಾನು ಸರಕನ್ನು ಇಟ್ಟುಕೊಳ್ಳದೆ ಒಬ್ಬರಿಂದೊಬ್ಬರಿಗೆ ದಾಟಿಸಿ, ಮತ್ತೆ ಮುಂದಿನ ವ್ಯಾಪಾರಕ್ಕೆ ಹೊರಡುವನಷ್ಟೆ. ಈ ಆಮ್ಲವೂ ಹಾಗೆಯೇ. ಆದುದರಿಂದ ಅತ್ಯಲ್ಪ ಆಮ್ಲವೂ ಕಾಲಕ್ರಮದಲ್ಲಿ ಬಹಳ ಲೋಹವನ್ನು ಹಾಳುಮಾಡಬಲ್ಲದು. ಹುಡಿಯು ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಬಣ್ಣವು ಹುಣ್ಣಿನಂತೆ ಉಬ್ಬಿ ಸಿಡಿಯುತ್ತದೆ. ಭರ್ಜಿ, ಕತ್ತಿಗಳಂತಹ ತೆಳು ಭಾಗಗಳು ಮೊದಲು ಸಾಯುತ್ತವೆ. ಸಂಗ್ರಾಹಕರು ಇದನ್ನು 'ಸೀಸದ ರೋಗ'ವೆಂದು ಕರೆಯುತ್ತಾರೆ. ಆದರೆ ಇಲ್ಲಿ ರೋಗಾಣುವೂ ಇಲ್ಲ, ಮಾಟವೂ ಇಲ್ಲ. ಇರುವುದು ಒಂದು ರಾಸಾಯನಿಕ ಕ್ರಿಯೆ.

ಸ್ವಾರಸ್ಯವೆಂದರೆ, ಇದೇ ಕ್ರಿಯೆಯನ್ನು ಮನುಷ್ಯನು ಬೇಕೆಂದೇ ಎರಡು ಸಾವಿರ ವರ್ಷಗಳಿಗೂ ಹೆಚ್ಚುಕಾಲ ನಡೆಸಿದ್ದಾನೆ. ಸೀಸವನ್ನು ಹುಳಿಕಾಡಿಯ ಮೇಲಿಟ್ಟು ಬಿಳಿಯ ಬಣ್ಣವನ್ನು ತಯಾರಿಸುವ ಕ್ರಮವನ್ನು ಗ್ರೀಕ್ ಪಂಡಿತ ಥಿಯೊಫ್ರಾಸ್ಟಸನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೇ ವರ್ಣಿಸಿದ್ದನು. ಮುಂದೆ ಡಚ್ಚರು ಸೀಸದ ಸುರುಳಿಗಳನ್ನು ಹುಳಿಕಾಡಿಯ ಗಡಿಗೆಗಳಲ್ಲಿಟ್ಟು ಗೊಬ್ಬರದಲ್ಲಿ ಹೂಳುತ್ತಿದ್ದರು. ಗೊಬ್ಬರವು ಕಾವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಒದಗಿಸುತ್ತಿತ್ತು. ಕೆಲವು ತಿಂಗಳುಗಳಲ್ಲಿ ಸೀಸವು ಚಿತ್ರಕಾರರ ಬಿಳಿಯಾಗಿ ಹೊರಬರುತ್ತಿತ್ತು. ಸಂಗ್ರಾಹಕನ ಅಂದವಾದ ಮರದ ಸೆಳೆಖಾನೆಯು ಅವನಿಗೇ ತಿಳಿಯದಂತೆ ಆ ಡಚ್ ಗಡಿಗೆಯ ಕೆಲಸವನ್ನು ಮಾಡುತ್ತಿದೆಯೆಂದು ಈಗ ನಾವು ಹೇಳಬಹುದು.

ಪ್ರತಿಮೆಯನ್ನು ಪರೀಕ್ಷಿಸುವ ಬಗೆ

ಕೈಯಲ್ಲಿರುವ ಪ್ರತಿಮೆಯಲ್ಲಿ ಸೀಸವೆಷ್ಟು ಎಂಬುದು ತಿಳಿದರೆ ಅದನ್ನು ಹೇಗೆ ಕಾಪಾಡಬೇಕೆಂಬುದೂ ತಿಳಿಯುತ್ತದೆ. ಇದಕ್ಕೆ ಆರ್ಕಿಮಿಡೀಸನ ತತ್ತ್ವವೇ ಸಾಕು. ಪ್ರತಿಮೆಗೆ ಯಾವ ಗಾಯವೂ ಆಗುವುದಿಲ್ಲ. ಕಾಲೇಜಿನ ಸೂಕ್ಷ್ಮ ತಕ್ಕಡಿಯಲ್ಲಿ ಬಣ್ಣ ಹಚ್ಚದ ಪ್ರತಿಮೆಯನ್ನು ಮೊದಲು ಗಾಳಿಯಲ್ಲಿಯೂ, ಬಳಿಕ ನೂಲಿನಿಂದ ನೀರಿನಲ್ಲಿ ತೂಗುಬಿಟ್ಟೂ ತೂಗಬೇಕು. ಗಾಳಿಯಲ್ಲಿ 14.0 ಗ್ರಾಂ, ನೀರಿನಲ್ಲಿ 12.5 ಗ್ರಾಂ ಬಂತೆನ್ನೋಣ. ವ್ಯತ್ಯಾಸ 1.5 ಗ್ರಾಂ, ಆದುದರಿಂದ ಪ್ರತಿಮೆಯ ಗಾತ್ರ 1.5 ಘನ ಸೆಂಟಿಮೀಟರ್, ಸಾಂದ್ರತೆ ಸುಮಾರು 9.3. ತವರದ ಸಾಂದ್ರತೆ 7.3, ಸೀಸದ್ದು 11.3. ಲೆಕ್ಕ ಹಾಕಿದರೆ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಸೀಸವಿದೆಯೆಂದು ಗೊತ್ತಾಗುತ್ತದೆ. ಉತ್ತರವು 7.3ರ ಸಮೀಪ ಬಂದರೆ ಅದು ತವರ ಪ್ರಧಾನವಾದ ಹೊಸ ಲೋಹ. ಸೀಸದ ರೋಗದ ಭಯವಿಲ್ಲ.

ಕಾಪಾಡುವ ಕ್ರಮ

ಸೀಸವುಳ್ಳ ಪ್ರತಿಮೆಗಳನ್ನು ಮರದ ಪೆಟ್ಟಿಗೆಯಲ್ಲಿಯೂ, ಸಾಮಾನ್ಯ ರಟ್ಟಿನ ಡಬ್ಬಿಯಲ್ಲಿಯೂ ಬಹುಕಾಲ ಮುಚ್ಚಿಡಬಾರದು. ಗಾಜು ಮತ್ತು ಲೋಹದ ಬೀರು, ಅಥವಾ ಪಾಲಿಪ್ರೊಪಿಲೀನ್ ಡಬ್ಬಿ ಉತ್ತಮ. ಗಾಳಿ ಆಡಬೇಕು, ತೇವ ಇರಬಾರದು. ಮಳೆಗಾಲ ಬಲವಾಗಿರುವ ಕಡೆ ತೇವವನ್ನು ಹೀರುವ ಸಿಲಿಕಾ ಜೆಲ್ಲಿನ ಚೀಲವನ್ನಿಡುವುದು ಒಳ್ಳೆಯದು. ಬಣ್ಣವನ್ನೂ ಮೇಲಿನ ವಾರ್ನಿಷನ್ನೂ ಕಣ್ಣಿಗೆ ಕಾಣುವ ಭಾಗಕ್ಕಷ್ಟೇ ಅಲ್ಲದೆ ಪಾದದ ತಳಕ್ಕೂ ಹಚ್ಚಬೇಕು. ವರ್ಷಕ್ಕೊಮ್ಮೆಯಾದರೂ ಎಲ್ಲವನ್ನೂ ಹೊರತೆಗೆದು ನೋಡಬೇಕು. ಮೈಸೂರು ಸೀಮೆಯಲ್ಲಿ ಪ್ರತಿ ನವರಾತ್ರಿಗೂ ಬೊಂಬೆಗಳನ್ನು ಪೆಟ್ಟಿಗೆಯಿಂದಿಳಿಸಿ, ಒರಸಿ, ಕೂರಿಸಿ, ಮತ್ತೆ ಕಟ್ಟಿಡುವ ಮನೆಗಳಲ್ಲಿ ಅಜ್ಜಿಯ ಕಾಲದ ಬೊಂಬೆಗಳು ಮೊಮ್ಮಕ್ಕಳವರೆಗೆ ಬಂದಿರುವುದಕ್ಕೆ ಈ ವಾರ್ಷಿಕ ತಪಾಸಣೆಯೂ ಒಂದು ಕಾರಣವಲ್ಲವೆ?

ಇಲ್ಲಿ ಪ್ರತಿಮೆಗಿಂತ ಮುಖ್ಯವಾದ ಮಾತೊಂದಿದೆ. ಸೀಸವು ವಿಷ. ಅದರಲ್ಲಿಯೂ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗದಂತಹುದು. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಗಟ್ಟಿಯಾದ ಪ್ರತಿಮೆಯನ್ನು ದೊಡ್ಡವರು ಮುಟ್ಟಿ ಕೈ ತೊಳೆದರೆ ಸಾಕು. ಆದರೆ ಬಿಳಿಯ ಹುಡಿಯು ಬೆರಳಿನಿಂದ ಬಾಯಿಗೂ, ಗಾಳಿಯಿಂದ ಶ್ವಾಸಕ್ಕೂ ಸುಲಭವಾಗಿ ಸೇರುತ್ತದೆ. ಅದನ್ನು ಊದಬಾರದು, ಒಣಗಿದ್ದಾಗ ಉಜ್ಜಬಾರದು. ಕೈಚೀಲ ತೊಟ್ಟು, ಒದ್ದೆಮಾಡಿ ಒರಸಿ, ಆ ಬಟ್ಟೆಯನ್ನು ಕಟ್ಟಿ ಬೇರೆಯಾಗಿ ವಿಲೇವಾರಿ ಮಾಡಬೇಕು. ಹಳೆಯ ಪ್ರತಿಮೆಯನ್ನು ಅರದಿಂದ ಉಜ್ಜುವಾಗಲೂ ಒದ್ದೆಯಾಗಿಯೇ ಉಜ್ಜಬೇಕು. ಊಟದ ಮೇಜಿನ ಮೇಲೆ ಈ ಕೆಲಸ ಸಲ್ಲದು. ಚಿಕ್ಕ ಮಕ್ಕಳಿಗೆ ಹಳೆಯ ಲೋಹದ ಪ್ರತಿಮೆಗಳನ್ನು ಆಟಕ್ಕೆ ಕೊಡಲೇಬಾರದು.

ಹೊಸ ಒಡಲು, ಹೊಸ ರೋಗ

ಈ ಅಪಾಯದ ಅರಿವು ಬೆಳೆದಂತೆ ವಸ್ತುಗಳೂ ಬದಲಾದವು. ಬ್ರಿಟನ್ ಸಂಸ್ಥೆಯು ಟೊಳ್ಳು ಸೀಸದ ಸಿಪಾಯಿಗಳ ತಯಾರಿಕೆಯನ್ನು 1966ರಲ್ಲಿ ನಿಲ್ಲಿಸಿತು. 1990ರ ದಶಕದಲ್ಲಿ ಸಾಹಸಿಗಳ ಪ್ರತಿಮೆಗಳನ್ನು ಎರೆಯುತ್ತಿದ್ದ ಹಲವು ತಯಾರಕರು ಸೀಸವನ್ನು ಬಿಟ್ಟು ತವರ ಪ್ರಧಾನ ಮಿಶ್ರಲೋಹಕ್ಕೆ ತಿರುಗಿದರು. ಶುದ್ಧ ತವರಕ್ಕೂ ಒಂದು ರೋಗವಿದೆ: 13 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಬಹುಕಾಲವಿದ್ದರೆ ಅದರ ಪರಮಾಣುಗಳ ಜೋಡಣೆ ಬದಲಾಗಿ ಲೋಹವು ಬೂದು ಹುಡಿಯಾಗಬಹುದು. ಆದರೆ ಆಂಟಿಮನಿ ಅಥವಾ ಬಿಸ್ಮತ್ ಸ್ವಲ್ಪ ಬೆರೆತಿದ್ದರೆ ಈ ಮಾರ್ಪಾಟು ತಡೆಯಲ್ಪಡುತ್ತದೆ.

ಈಗ ಪ್ಲಾಸ್ಟಿಕ್ಕಿನ ಕಾಲ. ಅಮೆರಿಕದ ರೀಪರ್ ಸಂಸ್ಥೆಯು 2012ರಲ್ಲಿ ಸಾರ್ವಜನಿಕರಿಂದ ಮುಂಗಡವಾಗಿ 34 ಲಕ್ಷ ಡಾಲರುಗಳಷ್ಟು ಹಣವನ್ನು ಪಡೆದು ಮೆತುವಾದ ಪ್ಲಾಸ್ಟಿಕ್ ಪ್ರತಿಮೆಗಳನ್ನು ಹೊರತಂದಿತು. ಇವು ಬಿದ್ದರೆ ಮುರಿಯವು. ಕತ್ತಿ ಬಾಗಿದರೆ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ, ತಣ್ಣೀರಿನಲ್ಲಿಟ್ಟರೆ ಸರಿಹೋಗುತ್ತದೆ. ಆದರೆ ಮೆತು ಪ್ಲಾಸ್ಟಿಕ್ಕುಗಳಿಗೆ ಬೆರೆಸುವ ಮೃದುಕಾರಕ ದ್ರವ್ಯವು ವರ್ಷಗಳು ಕಳೆದಂತೆ ಮೇಲ್ಮೈಗೆ ಒಸರಿ ಅಂಟಂಟಾಗುವುದುಂಟು. ದ್ರವರಾಳವನ್ನು ಅತಿನೇರಳೆಗೆ ಸಮೀಪದ ಬೆಳಕಿನಿಂದ ಪದರಪದರವಾಗಿ ಹೆಪ್ಪುಗಟ್ಟಿಸಿ ಮನೆಯಲ್ಲಿಯೇ ಪ್ರತಿಮೆಯನ್ನು ಮುದ್ರಿಸುವ ಯಂತ್ರಗಳೂ ಬಂದಿವೆ. ಆ ದ್ರವವು ಚರ್ಮವನ್ನು ಕೆರಳಿಸುತ್ತದೆ. ಗಟ್ಟಿಯಾದ ಪ್ರತಿಮೆಯೂ ಬಿಸಿಲಿನಲ್ಲಿ ಹಳದಿಗಟ್ಟಿ ಪೆಡಸಾಗುತ್ತದೆ. ತನ್ನನ್ನು ಹುಟ್ಟಿಸಿದ ಬೆಳಕೇ ಅದಕ್ಕೆ ಮುಪ್ಪನ್ನೂ ತರುತ್ತದೆ.

ಹೀಗೆ ಒಂದೊಂದು ವಸ್ತುವಿಗೂ ಒಂದೊಂದು ಬಗೆಯ ಮುಪ್ಪು. ಎಂದೆಂದಿಗೂ ಬಾಳುವ ಒಡಲನ್ನು ಹುಡುಕುವುದಕ್ಕಿಂತ, ಕೈಯಲ್ಲಿರುವ ಒಡಲು ಏತರಿಂದ ಕೆಡುತ್ತದೆಂಬುದನ್ನು ಅರಿತು ಅದನ್ನು ದೂರವಿಡುವುದೇ ಜಾಣತನ. ನಿಮ್ಮ ಮನೆಯಲ್ಲಿಯೂ ಹಳೆಯ ಪದಕವೋ ಲೋಹದ ಬೊಂಬೆಯೋ ಬಹುಕಾಲದಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ಇರಬಹುದು. ಅದು ಯಾವ ಲೋಹ, ಪೆಟ್ಟಿಗೆ ಯಾವ ಮರದ್ದು, ಒಳಗೆ ಹುಳಿಯ ವಾಸನೆಯುಂಟೆ ಎಂದು ಒಮ್ಮೆ ವಿಚಾರಿಸಿ ನೋಡಿರಿ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವು ಆ ದಿನ ನಿಮ್ಮ ಹಿರಿಯರ ಒಂದು ನೆನಪನ್ನು ಉಳಿಸಿಕೊಟ್ಟೀತು.